ಮರಳು ದಿಬ್ಬಕ್ಕೆ ಕೆತ್ತಿದ ಹೆಡ್

ಸಮುದ್ರ ಉಗುಳಿದ್ದನ್ನು ಜನ ಬರುವುದರೊಳಗೆ ಕಾಣದಂತೆ ಮಾಡುವುದು ಆ ಹೆಂಗಸರ ಕೆಲಸ. ಹರಿದ ಬಲೆ, ಒಂಟಿ ಚಪ್ಪಲಿ, ಬಾಟಲಿ, ಪಾಚಿ, ಯಾರೋ ತಿಂದು ಬಿಸಾಕಿದ ತಟ್ಟೆ. ಊರ ಕಸ ಒಣಗಿರುತ್ತದೆ, ಸಮುದ್ರದ ಕಸ ಒಣಗಿರುವುದಿಲ್ಲ. ನೀರು ಕುಡಿದ ಬಲೆ ಹೆಣದಷ್ಟು ಭಾರ. ಅದನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಮೊಣಕಾಲು ಹೂತುಹೋಗುವ ಮರಳಿನ ದಿಬ್ಬ ಹತ್ತಿ, ರಸ್ತೆ ಬದಿಯ ಕಬ್ಬಿಣದ ತೊಟ್ಟಿಗೆ ಸುರಿದು ಮತ್ತೆ ಇಳಿಯಬೇಕು. ಆಮೇಲೆ ಬರುವವರು ಮರಳು ನೋಡಿ ಆಹಾ ಅನ್ನುತ್ತಾರೆ. ಅದು ಯಾರದೋ ಕತ್ತು ಸವೆದು ಆದ ಆಹಾ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಹೇಳಿದರೆ ಅವರ ಬೆಳಗು ಕೆಡುತ್ತದೆ.

ಈ ಸಲ ಸವೆದದ್ದು ಅತ್ತಿಗೆಯ ಕತ್ತು.

ಅವಳಿಗೆ ಅತ್ತಿಗೆ ಎಂಬ ಹೆಸರು ಬಂದದ್ದು ಮೈದುನನಿಂದ. ಅವನು ಲೇತ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಅಣ್ಣ ಸತ್ತ ಮೇಲೆ ಅವಳ ಮನೆಯಲ್ಲೇ ಉಣ್ಣುತ್ತಾನೆ, ಅವಳ ಹತ್ತಿರವೇ ಬೈಸಿಕೊಳ್ಳುತ್ತಾನೆ. ದಿಬ್ಬದ ಮೇಲೆ ನಿಂತು ಅವನು "ಅತ್ತಿಗೇ, ಬೀಗದ ಕೈ ಎಲ್ಲಿಟ್ರಿ?" ಎಂದು ಕೂಗುವುದನ್ನು ಕೇಳಿ ಕೇಳಿ, ಕಸ ಎತ್ತುವವರೆಲ್ಲರ ಬಾಯಲ್ಲೂ ಅವಳು ಅತ್ತಿಗೆಯಾಗಿಬಿಟ್ಟಳು. ಮೇಸ್ತ್ರಿಯ ಬಾಯಲ್ಲೂ.

ಡಾಕ್ಟರು ಕತ್ತಿಗೆ ಒಂದು ಪಟ್ಟಿ ಕಟ್ಟಿ, "ಇನ್ನು ತಲೆ ಮೇಲೆ ಒಂದು ಚೊಂಬು ನೀರೂ ಇಡಬೇಡಿ" ಅಂದಿದ್ದರು. ಶನಿವಾರ ಅವಳು ಪಟ್ಟಿ ಕಟ್ಟಿಕೊಂಡೇ ಕೆಲಸಕ್ಕೆ ಬಂದಳು. ಮೇಸ್ತ್ರಿ ನೋಡಿದ.

"ಹೊರೋಕಾಗದವರು ಯಾಕಮ್ಮ ಬರ್ತೀರ? ಮನೇಲಿ ಹಾಯಾಗಿರಿ. ಸೋಮವಾರದಿಂದ ನಿಮ್ಮ ಜಾಗಕ್ಕೆ ಬೇರೆಯವಳು ಬರ್ತಾಳೆ."

ಹಾಯಾಗಿ! ಒಲೆ ಹಚ್ಚಬೇಕಾದ ಚಿಂತೆ ಇಲ್ಲದವರು ಕಂಡುಹಿಡಿದ ಮಾತು ಅದು.

ಜೊತೆಯವಳು ಗಿಡ್ಡಿ. ಆಳು ಚಿಕ್ಕದು, ಬಾಯಿ ದೊಡ್ಡದು. ಅವಳು ಸುಮ್ಮನಿರಲಿಲ್ಲ. ಸಾಮಾನಿನ ಕೋಣೆಯಲ್ಲಿ ಹಳದಿ ಬಣ್ಣದ ನಾಲ್ಕು ಚಕ್ರದ ಬೈಕೊಂದು ಧೂಳು ಕುಡಿಯುತ್ತ ನಿಂತಿತ್ತು. ದಪ್ಪ ಚಕ್ರ, ಟೂ-ಸ್ಟ್ರೋಕ್ ಎಂಜಿನ್, ಕಿಕ್ಕರ್ ಒದ್ದರೆ ನೀಲಿ ಹೊಗೆ. ಮೊದಲು ಇದೇ ದಂಡೆಯ ಮೇಲೆ ಮಕ್ಕಳನ್ನು ಕೂರಿಸಿ ಸುತ್ತು ಹೊಡೆಸುವ ಆಟದವರದ್ದು. ಅವರು ಅಂಗಡಿ ಮುಚ್ಚಿ ಹೋಗುವಾಗ ದಂಡೆ ಶುಚಿ ಮಾಡಿಸುವ ಗುತ್ತಿಗೆದಾರನ ತಲೆಗೆ ಕಟ್ಟಿದ್ದರು.

"ಮೇಸ್ತ್ರೀ, ಅದಕ್ಕೊಂದು ಟ್ರಾಲಿ ಕಟ್ಟಿದ್ರೆ ಯಾರ ಕತ್ತೂ ಬೇಕಾಗಲ್ಲ" ಅಂದಳು ಗಿಡ್ಡಿ.

ಮೇಸ್ತ್ರಿ ನಕ್ಕ. ನಗುವಾಗ ಅವನ ಹೊಟ್ಟೆ ಮೊದಲು ನಗುತ್ತದೆ, ಬಾಯಿ ಆಮೇಲೆ. "ಅದಾ? ಆಗ್ಲಿ. ಸೋಮವಾರ ಬೆಳಿಗ್ಗೆ ತುಂಬಿದ ಟ್ರಾಲಿ ಎಳಕೊಂಡು ದಿಬ್ಬ ಹತ್ತಲಿ. ಹತ್ತಿದ್ರೆ ಗಾಡಿ ನೀವೇ ಇಟ್ಕೊಳ್ಳಿ, ಅತ್ತಿಗೆ ಕೆಲಸನೂ ಅತ್ತಿಗೆಗೇ. ಆದ್ರೆ ಯಾರೂ ತಳ್ಳೋ ಹಾಗಿಲ್ಲ. ಹತ್ತಲಿಲ್ವಾ, ನಾನು ಕೈ ಮುಗೀತೀನಿ, ಹೋಗಿ ಬನ್ನಿ."

ಅವತ್ತೇ ಅರ್ಧ ತುಂಬಿದ ಟ್ರಾಲಿ ಕಟ್ಟಿ ನೋಡಿದರು. ಅತ್ತಿಗೆ ಹತ್ತಿ ಕೂತು, ಹ್ಯಾಂಡಲಿನ ಬಲಗಡೆ ಹೆಬ್ಬೆರಳಿಗೆ ಸಿಗುವ ಪುಟ್ಟ ಲಿವರನ್ನು ಒತ್ತಿದಳು. ಬೈಕಿನಲ್ಲಿ ಕೈ ತಿರುಗಿಸಿ ಕೊಡುವ ಥ್ರಾಟಲ್ ಇದರಲ್ಲಿ ಹೆಬ್ಬೆರಳಿನ ಕೆಲಸ. ಗಾಡಿ ದಿಬ್ಬದ ನಡುವಿನ ತನಕ ಹೋಗಿ, ಕೆಮ್ಮಿ, ನಿಂತಿತು.

"ದಿನ ತುಂಬಿದ ಬಸುರಿ ಥರ ಏದುಸಿರು ಬಿಡ್ತಾ ಇದೆಯಲ್ಲೇ!" ಅಂದಳು ಗಿಡ್ಡಿ. ನಗು ಬಂತು, ಆದರೆ ಯಾರೂ ಪೂರಾ ನಗಲಿಲ್ಲ.

ಹೆಂಗಸರೆಲ್ಲ ಸೇರಿ ಗಾಡಿಯನ್ನು ಲೇತ್ ಅಂಗಡಿಯವರೆಗೆ ತಳ್ಳಿಕೊಂಡು ಹೋದರು. ಯಜಮಾನ ಶನಿವಾರ ಮಧ್ಯಾಹ್ನವೇ ಮನೆ ಸೇರುವವನು. ಕೀಲಿ ಮೈದುನನ ಹತ್ತಿರ. ಉದ್ದದ ಕೋಣೆ, ನೆಲದ ತುಂಬ ಸುರುಳಿ ಸುರುಳಿ ಲೋಹದ ಚೂರು, ಸುಟ್ಟ ಎಣ್ಣೆಯ ವಾಸನೆ, ಕಿಟಕಿಯ ಬಳಿ ಹಸಿರು ಬಣ್ಣದ ಹಳೇ ಲೇತ್. ಬೀದಿಯ ಹುಡುಗರೆಲ್ಲ ಬೈಕು ತಂದು ಹೆಡ್ ಕೆತ್ತಿಸಿಕೊಂಡು ಹೋಗುವುದು ಅಲ್ಲೇ.

"ಈ ಬೀದೀಲಿ ಕಿರುಚೋ ಬೈಕೆಲ್ಲ ನನ್ನ ಕೈಲೇ ಹುಟ್ಟಿದ್ದು ಅತ್ತಿಗೆ" ಅಂದ ಮೈದುನ.

"ಅದಕ್ಕೇ ರಾತ್ರಿ ಯಾರಿಗೂ ನಿದ್ದೆ ಇಲ್ಲ. ಜಂಬ ಆಮೇಲೆ ಕೊಚ್ಚು, ಇದಕ್ಕೇನಾಗಿದೆ ನೋಡು."

ಅವನು ಪ್ಲಗ್ ಬಿಚ್ಚಿ ಆ ತೂತಿಗೆ ಗೇಜಿನ ಕೊಳವೆ ತಿರುಗಿಸಿದ. ಪಿಸ್ಟನ್ ಮೇಲೆ ಬರುವಾಗ ಪೆಟ್ರೋಲು ಬೆರೆತ ಗಾಳಿಯನ್ನು ಎಷ್ಟು ಬಿಗಿಯಾಗಿ ಒತ್ತುತ್ತದೆ ಎಂದು ಸೂಜಿ ತೋರಿಸುತ್ತದೆ. ಒತ್ತು ಬಿಗಿಯಾದಷ್ಟೂ ಎಂಜಿನ್ನಿಗೆ ದಮ್ಮು.

"ಲಿವರ್ ಪೂರ್ತಿ ಒತ್ತಿ ಹಿಡೀರಿ. ಗಾಳಿ ಪೂರ್ತಿ ಒಳಗೆ ಬರಬೇಕು."

"ಒತ್ತಿದೀನಿ."

"ಪೂರ್ತಿ?"

"ಪೂರ್ತಿ ಕಣೋ! ಇನ್ನೂ ಒತ್ತಿದ್ರೆ ಬೆರಳು ಆಚೆ ಬರುತ್ತೆ."

ಅವನು ಕಿಕ್ಕರ್ ಒದ್ದ. ಮತ್ತೆ ಒದ್ದ. ಸೂಜಿ ಮುದುಕ ಮೆಟ್ಟಿಲು ಹತ್ತಿದಂತೆ ಎದ್ದು, ಅರ್ಧಕ್ಕೇ ಕೂತಿತು.

"ಕಂಪ್ರೆಷನ್ನೇ ಇಲ್ಲ. ಹೆಡ್ ಹೋಗಿದೆ."

ಹೆಡ್ ಅಂದರೆ ಸಿಲಿಂಡರಿನ ಮುಚ್ಚಳ. ಒಳಗಡೆ ಗುಮ್ಮಟದ ಹಾಗೆ ತಗ್ಗು, ಆ ತಗ್ಗಿನಲ್ಲೇ ಬೆಂಕಿ ಹತ್ತುವುದು. ಬಿಚ್ಚಿ ನೋಡಿದರೆ ಅದರಡಿ ಗಾಳಿ ಸೋರದಂತೆ ಇಡುವ ಗ್ಯಾಸ್ಕೆಟ್ ಒಂದು ಕಡೆ ಸುಟ್ಟಿತ್ತು. ಗಾಜಿನ ಮೇಲೆ ಬೋರಲು ಇಟ್ಟರೆ ಹೆಡ್ಡಿನ ಮುಖ ಸೊಟ್ಟ, ಒತ್ತಿದರೆ ಟಕ್ ಟಕ್ ಎಂದು ಕುಂಟುತ್ತಿತ್ತು. ಮೈದುನನ ಮುಖ ಅರಳಿತು. ಕಾಯಿಲೆ ಸಿಕ್ಕಿದ ಡಾಕ್ಟರಿನ ಅರಳು. ಲೇತಿಗೆ ಕಟ್ಟಿ ಮುಖ ಸಮ ಮಾಡಿದ, ಜೊತೆಗೆ ಬೀದಿ ಹುಡುಗರಿಗೆ ಮಾಡುವ ಹಾಗೆ ಇನ್ನೊಂದಿಷ್ಟು ಕೆತ್ತಿದ. ಮುಖ ಕೆತ್ತಿದಷ್ಟೂ ಮುಚ್ಚಳ ಕೆಳಗಿಳಿಯುತ್ತದೆ, ತಗ್ಗು ಕಿರಿದಾಗುತ್ತದೆ, ಒತ್ತು ಬಿಗಿಯಾಗುತ್ತದೆ.

ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿ, ಮತ್ತೆ ಗೇಜ್. "ಪೂರ್ತಿ ಒತ್ತಿ." "ಒತ್ತಿದೀನಿ." ಸೂಜಿ ಸ್ವಲ್ಪ ಮೇಲೆ. ಸಾಲದು. ಬಿಚ್ಚಿ, ಕೆತ್ತಿ, ಕೂರಿಸಿದ. ಇನ್ನೂ ಸ್ವಲ್ಪ. ಸಾಲದು. ಮತ್ತೆ ಕೆತ್ತಿದ. ಭಾನುವಾರ ಬೆಳಗಾದರೂ ಸೂಜಿ ಅವನು ಬಯಸಿದ ಗೆರೆ ಮುಟ್ಟಲಿಲ್ಲ.

"ಇದೇನು ಎಂಜಿನ್ನೋ ಸರ್ಕಾರಿ ಕಚೇರಿನೋ! ಎಷ್ಟು ಒದ್ರೂ ಏಳಲ್ಲ." ಸ್ಪ್ಯಾನರ್ ಬಿಸಾಕಿದ. "ಇನ್ನೊಂದು ಸಲ ಕೆತ್ತಿ ನೋಡ್ತೀನಿ."

"ಸಾಕು, ಮೊದಲು ಹೋಗಿ ಟೀ ಕುಡಿದು ಬಾ. ಕೋಪ ಬಂದ ಕೈಲಿ ಉಳಿ ಹಿಡೀಬೇಡ."

ಅವನು ಹೋದ. ಅತ್ತಿಗೆಗೆ ಸುಮ್ಮನೆ ಕೂರಲು ಬರುವುದಿಲ್ಲ. ಕಣ್ಣ ಮುಂದೆ ಕೊಳೆ ಕಂಡರೆ ಕೈ ತಾನೇ ಚಲಿಸುತ್ತದೆ. ಸೀಮೆಎಣ್ಣೆ ಅದ್ದಿದ ಬಟ್ಟೆ ತಗೊಂಡು ಹ್ಯಾಂಡಲ್ ಒರೆಸತೊಡಗಿದಳು. ಉಪ್ಪು, ಜಿಡ್ಡು, ಅದರ ಮೇಲೆ ಯಾರೋ ಬಳಿದ ಹಳದಿ ಬಣ್ಣ. ಲಿವರಿನ ಬೆನ್ನ ಹಿಂದೆ ಬಣ್ಣ ಸಿಪ್ಪೆಯೆದ್ದು ಬಂತು. ಅದರಡಿಯಲ್ಲಿ ಒಂದು ಸ್ಕ್ರೂ. ಅದು ಅಲುಗದಂತೆ ಮೇಲೊಂದು ನಟ್ಟು. ಲಿವರ್ ಒತ್ತಿದಳು. ಲಿವರ್ ಹೋಗಿ ಆ ಸ್ಕ್ರೂ ತುದಿಗೆ ಬಡಿದು ನಿಂತಿತು.

ಟೀ ಕುಡಿದು ಬಂದವನಿಗೆ ತೋರಿಸಿದಳು. "ಇದ್ಯಾವುದೋ ಮೊಳೆ ಸಿಕ್ಕಿಕೊಂಡಿದೆ ನೋಡೋ."

ಅವನು ಬಗ್ಗಿ ನೋಡಿದ. ಹಣೆ ಹಣೆ ಬಡಿದುಕೊಂಡ. "ಮೊಳೆ ಅಲ್ಲ ಅತ್ತಿಗೆ. ಇದು ಲಿವರಿಗೆ ತಡೆ. ಆಟಕ್ಕೆ ಬರೋ ಮಕ್ಕಳು ಜೋರಾಗಿ ಓಡಿಸಬಾರದು ಅಂತ ಹಾಕೋದು. ನೀವು ಪೂರ್ತಿ ಒತ್ತಿದ್ದು ಪೂರ್ತಿ ಅಲ್ಲ, ಕಾಲುಭಾಗ. ಗಾಳಿನೇ ಒಳಗೆ ಹೋಗ್ತಿರಲಿಲ್ಲ, ಸೂಜಿ ಎಲ್ಲಿಂದ ಏಳಬೇಕು!"

ಅವನು ಕೈ ತಿರುಗಿಸುವ ಬೈಕುಗಳ ನಡುವೆಯೇ ಬೆಳೆದವನು, ಹೆಬ್ಬೆರಳಿನ ಲಿವರ್ ಮುಟ್ಟಿದವನಲ್ಲ. ಅವಳೋ, ಲಿವರ್ ಎಲ್ಲಿ ನಿಂತಿತೋ ಅದೇ ಕೊನೆ ಎಂದು ನಂಬಿದವಳು. ಕಾಲುಭಾಗ ಕೊಟ್ಟು ಇಷ್ಟೇ ಇರುವುದು ಎಂದರೆ, ಇಷ್ಟೇ ಇರುವುದು ಎಂದುಕೊಳ್ಳುವುದು ಅವಳ ಮನೆಯ ಹಳೇ ಅಭ್ಯಾಸ. ಅವಳ ಅಮ್ಮನೂ ಹಾಗೇ ಬದುಕಿದ್ದಳು, ಅಮ್ಮನ ಅಮ್ಮನೂ.

"ಬಿಚ್ಚು ಅದನ್ನ" ಅಂದಳು. ದನಿ ಬೇರೆಯಾಗಿತ್ತು.

ಬಿಚ್ಚಿದ. ಗೇಜ್ ಹಾಕಿ ಒದ್ದ. ಸೂಜಿ ಹಾರಿತು. ಅವನು ಬಯಸಿದ ಗೆರೆ ದಾಟಿ, ಕೆಂಪು ಬಣ್ಣದೊಳಗೆ ಹೋಗಿ ನಿಂತಿತು.

ಅತ್ತಿಗೆ ಚಪ್ಪಾಳೆ ತಟ್ಟಿದಳು. ಮೈದುನ ತಟ್ಟಲಿಲ್ಲ.

"ಇಲ್ಲದ ಕಾಯಿಲೆಗೆ ಮೂರು ಸಲ ಕೆತ್ತಿಬಿಟ್ನಲ್ಲ ಅತ್ತಿಗೆ. ಮುಖ ಸಮ ಮಾಡಿ ಬಿಟ್ಟಿದ್ರೆ ಸಾಕಿತ್ತು."

ಅಂಗಡಿಯ ಹಿಂದೆ ಲಾರಿ ನಿಲ್ಲಿಸಲು ಒಂದು ಏರಿತ್ತು. ಟ್ರಾಲಿಗೆ ಕಲ್ಲು ತುಂಬಿ ಹತ್ತಿಸಿ ನೋಡಿದರು. ಗಾಡಿ ಮೊದಲು ಬಾಣದಂತೆ ಚಿಮ್ಮಿತು. ಏರು ಕಡಿದಾದ ಹಾಗೆ ಎಂಜಿನ್ನಿನ ಒಳಗಿಂದ ಡಬ್ಬಿಯಲ್ಲಿ ಹರಳು ಕುಲುಕಿದ ಸದ್ದು. ಅತ್ತಿಗೆ ತಟ್ಟನೆ ಬೆರಳು ಎತ್ತಿದಳು. ಪ್ಲಗ್ ಬಿಚ್ಚಿದರೆ ಅದರ ಬಿಳೀ ಪಿಂಗಾಣಿಯ ಮೇಲೆ ಸೂಜಿಮೊನೆಯಷ್ಟು ಬೆಳ್ಳಿ ಚುಕ್ಕಿಗಳು.

"ಪಿಸ್ಟನ್ ಕರಗ್ತಾ ಇದೆ. ಒತ್ತು ಜಾಸ್ತಿಯಾಗಿ, ಬೆಂಕಿ ಪ್ಲಗ್ಗಿನ ಕಿಡಿಗೂ ಕಾಯದೆ ಮೂಲೇಲಿ ತಾನೇ ಕದ್ದು ಹತ್ತಿಕೊಳ್ತಾ ಇದೆ. ಕಿರುಚೋ ಹುಡುಗರಿಗೆ ಇದು ಒಂದು ಗಳಿಗೆ ಆಟ. ಭಾರ ಎಳಕೊಂಡು ನಿಧಾನ ಹತ್ತೋ ಗಾಡಿಗೆ ಇದು ಸಾವು. ದಿಬ್ಬದ ನಡುವೆ ಪಿಸ್ಟನ್ ತೂತು ಬೀಳುತ್ತೆ."

"ಬೇರೆ ಹೆಡ್?"

"ಈ ಗಾಡಿಗೆ ಎಲ್ಲಿ ಸಿಗುತ್ತೆ? ತರಿಸಿದರೂ ನಾಳೆಗೆ ಬರಲ್ಲ. ಕೆತ್ತಿದ ಲೋಹ ವಾಪಸ್ ಅಂಟಲ್ಲ ಅತ್ತಿಗೆ."

ಅವಳು ನೆಲದ ಮೇಲೆ ಕೂತಳು. ಕತ್ತಿನ ಪಟ್ಟಿ ಬೆವರಿಗೆ ಕಚ್ಚುತ್ತಿತ್ತು. ಅವನೂ ಕೂತ. ಬೈಯುತ್ತಾಳೆ ಎಂದು ಕಾದ. ಅವಳು ಪಟ್ಟಿ ಸಡಿಲಿಸಿ ಬೆವರು ಒರೆಸಿಕೊಂಡಳು.

"ಒಂದು ದಾರಿ ಇದೆ. ಆದ್ರೆ ಮುಟ್ಟೋಕೇ ಭಯ" ಅಂದ ಕೊನೆಗೆ. "ಮುಖ ಹಾಗೇ ಇರಲಿ. ಒಳಗಿನ ಗುಮ್ಮಟದ ನಡುವನ್ನ ಕೆತ್ತಿ ಅಗಲ ಮಾಡೋದು. ಅಂಚು ಪಿಸ್ಟನ್ನಿಗೆ ಅಂಟಿಕೊಂಡ ಹಾಗೆ ಬಿಗಿ, ನಡು ಸಡಿಲ. ಅಂಚಿನ ಗಾಳಿಯೆಲ್ಲ ಒಂದೇ ಸಲ ನಡುವಿಗೆ ನುಗ್ಗುತ್ತೆ. ಬೆಂಕಿ ಅಲ್ಲೇ ಹತ್ತುತ್ತೆ, ಮೂಲೇಲಿ ಕದ್ದು ಹತ್ತೋಕೆ ಏನೂ ಉಳಿಯಲ್ಲ."

"ನಮ್ಮ ಹೆಂಗಸರ ಸಂಘದ ಸಭೆ ಥರ. ಎಲ್ಲರನ್ನೂ ನಡುವಿಗೆ ಎಳೆದು ಕೂರಿಸಿದ್ರೆ ಮೂಲೇಲಿ ಗುಸುಗುಸು ಅನ್ನೋರಿರಲ್ಲ."

ಅವನಿಗೆ ಆ ಸ್ಥಿತಿಯಲ್ಲೂ ನಗು ಬಂತು. "ಹೂಂ, ಹಾಗೇ. ಆದ್ರೆ ಮೇಲ್ಛಾವಣಿ ತೆಳ್ಳಗಿದೆ. ಉಳಿ ಒಂದು ಕೂದಲು ಹೆಚ್ಚು ಹೋದ್ರೆ ತೂತು. ಹೆಡ್ಡೇ ಇರಲ್ಲ."

"ಈಗ ಮಾತ್ರ ಇದೆಯಾ? ಕೆತ್ತಿ ಕೆಡಿಸಿದ್ದನ್ನ ಕೆತ್ತೇ ಸರಿ ಮಾಡು. ನಾನು ಪಕ್ಕದಲ್ಲೇ ಇರ್ತೀನಿ. ಸಾಕು ಅಂದಾಗ ನಿಲ್ಲಿಸು, ಅಷ್ಟೇ."

ಗಿಡ್ಡಿ ದವಾಖಾನೆಗೆ ಓಡಿ ಸೂಜಿ ಇಲ್ಲದ ಸಿರಿಂಜ್ ಕೇಳಿ ತಂದಳು. ಯಾತಕ್ಕೆ ಎಂದು ನರ್ಸಮ್ಮ ಕೇಳಿದರೆ "ಗಾಡಿಗೆ ಚುಚ್ಚುಮದ್ದು" ಅಂದಳಂತೆ. ಗುಮ್ಮಟವನ್ನು ಮೇಲ್ಮುಖ ಮಾಡಿಟ್ಟು, ತೂತಿರುವ ಗಾಜಿನ ತುಂಡು ಮುಚ್ಚಿ, ಸಿರಿಂಜಿನಿಂದ ಎಣ್ಣೆ ತುಂಬಿಸಿ, ಎಷ್ಟು ಹಿಡಿಯುತ್ತದೆ ಎಂದು ಅಳೆಯುವುದು ಅತ್ತಿಗೆಯ ಪಾಲಿಗೆ ಬಂತು. ಮೈದುನ ತಗಡಿನಲ್ಲಿ ಬಿಲ್ಲಿನಂಥ ಅಚ್ಚು ಕತ್ತರಿಸಿ, ಅದನ್ನು ಒತ್ತಿ ನೋಡಿ ನೋಡಿ, ಉಳಿಯನ್ನು ಕೈಯಿಂದಲೇ ಆ ಬಾಗಿಗೆ ತಕ್ಕಂತೆ ನಡೆಸಿದ. ಲೋಹ ಈ ಸಲ ಸುರುಳಿಯಾಗಿ ಬರಲಿಲ್ಲ, ಹಿಟ್ಟಿನಂತೆ ಉದುರಿತು. ಒಂದು ಸುತ್ತು, ಅಳತೆ. ಇನ್ನೊಂದು ಸುತ್ತು, ಅಳತೆ. ಗಿಡ್ಡಿ ಕೂಡ ಬಾಯಿ ಮುಚ್ಚಿಕೊಂಡಿದ್ದಳು. ಅದೇ ಒಂದು ದಾಖಲೆ.

"ಸಾಕು" ಅಂದಳು ಅತ್ತಿಗೆ.

"ಇನ್ನೊಂಚೂರು..."

"ಸಾಕು ಅಂದೆ."

ಉಳಿ ನಿಂತಿತು. ಹೆಡ್ ಮತ್ತೆ ಕೂರಿಸಿ, ಪ್ಲಗ್ಗಿನ ತೂತಿನಿಂದ ಬೆಸುಗೆಯ ಮೆತ್ತನೆ ತಂತಿ ಇಳಿಬಿಟ್ಟು, ಅಂಚಿನ ತನಕ ನೂಕಿ, ಎಂಜಿನ್ ಒಂದು ಸುತ್ತು ತಿರುಗಿಸಿ ಹೊರತೆಗೆದರು. ಪಿಸ್ಟನ್ ಅಂಚಿಗೆ ಸಿಕ್ಕು ಚಪ್ಪಟೆಯಾದ ತುದಿ ಉಗುರಿನಷ್ಟು ತೆಳ್ಳಗಿತ್ತು. ಅಂಚು ಬಿಗಿ. ಗೇಜಿನ ಸೂಜಿ ಕೆಂಪಿನಿಂದ ಇಳಿದು ಗೆರೆಯ ಮೇಲೆ ನಿಂತಿತು. ಏರಿನ ಮೇಲೆ ಕಲ್ಲು ತುಂಬಿದ ಟ್ರಾಲಿ ಎಳೆದಾಗ ಹರಳಿನ ಸದ್ದಿರಲಿಲ್ಲ, ಗಂಟಲು ತುಂಬಿ ಹಾಡುವವರ ಸದ್ದಿತ್ತು.

ಸೋಮವಾರ ಬೆಳಿಗ್ಗೆ ಮೇಸ್ತ್ರಿ ದಿಬ್ಬದ ಬುಡಕ್ಕೆ ಬಂದ. ಟ್ರಾಲಿ ತುಂಬಿತ್ತು. ಗಾಡಿಯ ಸುತ್ತ ಬಂದು ನೋಡಿದವನು ಹ್ಯಾಂಡಲಿನ ಹತ್ತಿರ ನಿಂತ.

"ಇಲ್ಲಿದ್ದ ಸ್ಕ್ರೂ ಯಾರು ಬಿಚ್ಚಿದ್ದು?"

ಅವನಿಗೇ ಗೊತ್ತಾಯಿತು, ಬಾಯಿ ಜಾರಿತು ಎಂದು.

"ಅಂದ್ರೆ ನಿಮಗೆ ಗೊತ್ತಿತ್ತು" ಅಂದಳು ಅತ್ತಿಗೆ. "ಗೊತ್ತಿದ್ದೇ ಹತ್ತಿಸಿ ತೋರಿಸಿ ಅಂದ್ರಿ."

"ನಿಮ್ಮ ಕ್ಷೇಮಕ್ಕೇ ಕಣಮ್ಮ. ಹೆಂಗಸರು, ಮರಳು, ಗಾಡಿ ಮಗುಚಿದ್ರೆ ನಾಳೆ ನಾನು ಜವಾಬ್ದಾರಿ."

"ಕತ್ತಿನ ಮೂಳೆ ಸವೆದಾಗ ಯಾರು ಜವಾಬ್ದಾರಿ ಆದ್ರು ಮೇಸ್ತ್ರೀ?" ಗಿಡ್ಡಿ ಕೇಳಿದಳು. "ಆಗ ಕ್ಷೇಮ ರಜೆ ಮೇಲೆ ಹೋಗಿತ್ತಾ?"

ಮೇಸ್ತ್ರಿ ಬಗ್ಗಿ, ನೀರಿಳಿಯುವ ಒಂದು ಬಲೆಯನ್ನು ಎಳೆದು ತುಂಬಿದ ಟ್ರಾಲಿಯ ಮೇಲೆ ಹಾಕಿದ. "ಈಗ ತುಂಬಿತು. ನಡೀಲಿ. ತಳ್ಳೋ ಹಾಗಿಲ್ಲ, ನೆನಪಿರಲಿ."

ಅತ್ತಿಗೆ ಹತ್ತಿ ಕೂತಳು. ಹೆಬ್ಬೆರಳು ಇಟ್ಟಳು. ಒಮ್ಮೆಲೇ ಒತ್ತಲಿಲ್ಲ. ಗಾಡಿ ಹೊರಟಿತು, ದಪ್ಪ ಚಕ್ರಗಳು ಮರಳನ್ನು ಅಗೆಯದೆ ತುಳಿದುಕೊಂಡು ನಡೆದವು. ಹೋದ ಸಲ ಎಂಜಿನ್ ಸತ್ತ ಜಾಗ ಬಂತು, ದಾಟಿತು. ಹೆಂಗಸರು ಎರಡೂ ಬದಿಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜೊತೆಜೊತೆಗೇ ಹತ್ತಿದರು, ಕೈ ಬೆನ್ನ ಹಿಂದೆ ಕಟ್ಟಿಕೊಂಡು. ತಳ್ಳಿದರು ಎಂಬ ಮಾತು ಬರಬಾರದಲ್ಲ.

ದಿಬ್ಬದ ನೆತ್ತಿ ಇನ್ನು ಸ್ವಲ್ಪ ಇದೆ ಎನ್ನುವಾಗ ಹಿಂದಿನ ಭಾರಕ್ಕೆ ಮುಂದಿನ ಚಕ್ರಗಳು ನೆಲ ಬಿಟ್ಟವು. ಗಾಡಿ ಮುಖವೆತ್ತಿತು. ಕೆಳಗಿಂದ ಮೈದುನ "ಅತ್ತಿಗೇ!" ಎಂದು ಕಿರುಚಿದ. ಅವಳು ಬೆರಳು ಸಡಿಲಿಸಿದಳು, ಬ್ರೇಕ್ ಹಿಡಿದಳು. ಗಾಡಿ ಅಲ್ಲೇ ನಿಂತು ಗುರುಗುಟ್ಟಿತು, ಆದರೆ ಎಂಜಿನ್ ಸಾಯಲಿಲ್ಲ.

ಗಿಡ್ಡಿ ಓಡಿ ಹೋಗಿ ಮುಂದಿನ ಕಬ್ಬಿಣದ ಕ್ಯಾರಿಯರ್ ಮೇಲೆ ಹತ್ತಿ ಕೂತುಬಿಟ್ಟಳು. ಅವಳ ಹಿಂದೆ ಇನ್ನೊಬ್ಬಳು.

"ಏಯ್, ಮುಟ್ಟಬಾರದು ಅಂದಿದ್ದೆ!" ಮೇಸ್ತ್ರಿ ಕೂಗಿದ.

"ತಳ್ಳಬಾರದು ಅಂದಿದ್ರಿ. ನಾವು ತಳ್ತಾ ಇಲ್ಲ, ಸವಾರಿ ಹೋಗ್ತಾ ಇದೀವಿ! ಭಾರ ಹೆಚ್ಚು ಮಾಡಿದ್ದಕ್ಕೆ ನೀವು ಖುಷಿ ಪಡಬೇಕು."

ಮೂತಿ ನೆಲಕ್ಕಿಳಿಯಿತು. ಚಕ್ರ ಮರಳು ಕಚ್ಚಿತು. ಅತ್ತಿಗೆ ಈಗ ಒತ್ತಿದಳು, ಹೆಬ್ಬೆರಳು ಹೋಗುವಷ್ಟೂ. ಎಂಜಿನ್ ಒಂದು ಕ್ಷಣ ತಡವರಿಸಿ, ಗಂಟಲು ಬಿಚ್ಚಿ ಕೂಗಿತು. ಎಲ್ಲರನ್ನೂ ಎಲ್ಲವನ್ನೂ ಎಳೆದುಕೊಂಡು, ನೆತ್ತಿ ದಾಟಿ, ರಸ್ತೆಯ ಮೇಲೆ ಹೋಗಿ ತೊಟ್ಟಿಯ ಪಕ್ಕ ನಿಂತಿತು.

ಮೈದುನ ಓಡೋಡಿ ಬಂದವನು ಮೊದಲು ಹೆಡ್ಡಿಗೆ ಕಿವಿ ಕೊಟ್ಟ, ಆಮೇಲೆ ಅತ್ತಿಗೆಯ ಮುಖ ನೋಡಿದ. "ಹರಳು ಸದ್ದಿಲ್ಲ" ಅಂದ. ಕಣ್ಣು ಒರೆಸಿಕೊಂಡ. "ಹೊಗೆ, ಹೊಗೆ."

"ಹೌದಪ್ಪ, ಹೊಗೆನೇ" ಅಂದಳು ಅತ್ತಿಗೆ.

ಮೇಸ್ತ್ರಿ ಏದುಸಿರು ಬಿಡುತ್ತ ಮೇಲೆ ಬಂದ. "ಸರಿ. ಮಾತು ಅಂದ್ರೆ ಮಾತು, ಗಾಡಿ ಇರಲಿ. ಓಡಿಸೋಕೆ ನಾಳೆಯಿಂದ ಒಬ್ಬ ಗಂಡಸನ್ನ ಕಳಿಸ್ತೀನಿ. ನೀವು ಕೆಳಗೆ ತುಂಬಿಕೊಡಿ. ಅತ್ತಿಗೆ... ನೋಡೋಣ, ಗುಡಿಸೋದಕ್ಕೋ ಏನಕ್ಕೋ."

ಅತ್ತಿಗೆ ಗಾಡಿಯಿಂದ ಇಳಿಯಲಿಲ್ಲ. ಯಾರೂ ಯಾರಿಗೂ ಸನ್ನೆ ಮಾಡಲಿಲ್ಲ. ಒಬ್ಬಳು ಬುಟ್ಟಿ ಕೆಳಗಿಟ್ಟು ರಸ್ತೆಯ ಅಂಚಿಗೆ ಕೂತಳು. ಇನ್ನೊಬ್ಬಳು ಕೂತಳು. ಸಾಲಾಗಿ ಎಲ್ಲರೂ ಕೂತರು. ಗಿಡ್ಡಿ ಕ್ಯಾರಿಯರ್ ಮೇಲೆಯೇ ಕಾಲು ಇಳಿಬಿಟ್ಟುಕೊಂಡು ಕೂತಳು.

"ಹಾಗಾದ್ರೆ ತುಂಬೋಕೂ ಅವನನ್ನೇ ಕಳಿಸಿ ಮೇಸ್ತ್ರೀ. ಬಲೆ ಎಳೆಯೋಕೂ ಅವನೇ ಬರಲಿ. ನಾವು ಸಮುದ್ರ ನೋಡಿ ಆಹಾ ಅಂತೀವಿ."

ಕೆಳಗೆ ದಂಡೆ ಅರ್ಧ ಮಾತ್ರ ಶುಭ್ರವಾಗಿತ್ತು. ದೂರದಲ್ಲಿ ಮೊದಲ ಕಾರು ಬಂದು ನಿಂತಿತು, ಅದರ ಹಿಂದೆ ಇನ್ನೊಂದು. ಬಿಳೀ ಟೋಪಿಯ ಪ್ರವಾಸಿಗರು ಇಳಿದು ಮೂಗು ಮುಚ್ಚಿಕೊಂಡರು. ಮೇಸ್ತ್ರಿಯ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಗುತ್ತಿಗೆದಾರ. ಮೇಸ್ತ್ರಿ ಫೋನ್ ನೋಡಿದ, ದಂಡೆ ನೋಡಿದ, ಹೆಂಗಸರನ್ನು ನೋಡಿದ. ಹೆಂಗಸರು ಸಮುದ್ರ ನೋಡುತ್ತಿದ್ದರು.

"ಓಡಿಸಮ್ಮ" ಅಂದ. ಸಾಲಲಿಲ್ಲ ಅನ್ನಿಸಿರಬೇಕು. "ನೀನೇ ಓಡಿಸು. ಇವತ್ತಲ್ಲ, ದಿನಾ."

"ಓಡಿಸಿ ಅನ್ನಿ" ಅಂದಳು ಗಿಡ್ಡಿ.

"ಓಡಿಸಿ."

ಟ್ರಾಲಿ ಖಾಲಿ ಮಾಡಿ ಅತ್ತಿಗೆ ದಿಬ್ಬ ಇಳಿದಳು. ಕೆಳಗೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿದಳು. ಟ್ರಾಲಿ ತುಂಬಲು ಬಂದವರಲ್ಲಿ ಎಲ್ಲರಿಗಿಂತ ಹಿರಿಯವಳೊಬ್ಬಳು ಬುಟ್ಟಿ ಇಟ್ಟು ಸೊಂಟ ನೀವಿಕೊಳ್ಳುತ್ತಿದ್ದಳು. ಅತ್ತಿಗೆ ಸೀಟಿನಿಂದ ಇಳಿದು ಅವಳ ಕೈ ಹಿಡಿದು ಎಳೆದಳು.

"ಬನ್ನಿ ದೊಡ್ಡಮ್ಮ, ಹತ್ತಿ. ಇವತ್ತೇ ಕಲೀರಿ."

"ಅಯ್ಯೋ, ನನಗಾಗುತ್ತಾ? ಈ ವಯಸ್ಸಲ್ಲಿ ಇದನ್ನ ಒದೀಬೇಕಾ?"

"ಸುಮ್ಮನೆ ಒದೀಬೇಡಿ. ಮೊದಲು ಕಿಕ್ಕರ್ ಮೇಲೆ ಕಾಲಿಟ್ಟು ಮೆಲ್ಲಗೆ ಒತ್ತುತ್ತಾ ಬನ್ನಿ. ಒಂದು ಕಡೆ ಅದು ಎದುರಾಡುತ್ತೆ, ಕಾಲಿಗೇ ಗೊತ್ತಾಗುತ್ತೆ. ಸಿಕ್ತಾ?"

"ಹೂಂ... ಇಲ್ಲಿ ಗಟ್ಟಿಯಾಯ್ತು."

"ಅಲ್ಲಿಂದ ಒದೀರಿ."